ಯುಗಾದಿ ಹೊತ್ತಿಗೆ ಕಾವಿಗೆ ಕೂರುವ ಕೋಳಿ

ಕೋಳಿ ಸಾಕುವ ವಿದೇಶಿ ವಿಡಿಯೋಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಅಲ್ಲಿ ವಸಂತ ಬಂತು ಅಂದರೆ ಮೊಟ್ಟೆಯ ಸುಗ್ಗಿ. ಚಳಿಗಾಲವಿಡೀ ಖಾಲಿ ಬಿದ್ದಿದ್ದ ಗೂಡಿನಲ್ಲಿ ಮಾರ್ಚ್ ಬರುತ್ತಲೇ ದಿನಾ ಮೊಟ್ಟೆ. ಬುಟ್ಟಿ ತುಂಬಿಕೊಂಡು ಬಂದು ಕ್ಯಾಮೆರಾಕ್ಕೆ ತೋರಿಸುತ್ತಾರೆ. ನಮ್ಮ ಹಿತ್ತಿಲಲ್ಲಿ ಇದು ಪೂರ್ತಿ ಉಲ್ಟಾ. ಮಾವು ಮಿಡಿ ಕಚ್ಚಿ, ಬೇವು ಚಿಗುರಿ, ಯುಗಾದಿ ಹತ್ತಿರ ಬರುವಾಗ ಹೇಂಟೆಗಳು ಒಂದೊಂದಾಗಿ ಮೊಟ್ಟೆ ನಿಲ್ಲಿಸುತ್ತವೆ. ನಿಲ್ಲಿಸಿ ಕಾವಿಗೆ ಕೂರುತ್ತವೆ.

ಕಾರಣ ಬೆಳಕು. ಕೋಳಿಗೆ ಮೊಟ್ಟೆ ಇಡಬೇಕು ಅನ್ನಿಸುವುದು ಹಗಲು ಉದ್ದವಾದಾಗ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಜೂನಿನಲ್ಲಿ ಹದಿನಾರು ಗಂಟೆ ದಾಟುತ್ತದೆ. ಹಾಗಾಗಿ ಅಲ್ಲಿಯ ಕೋಳಿಗಳಿಗೆ ವಸಂತ ಅಂದರೆ ಸ್ವಿಚ್ಚು ಹಾಕಿದಂತೆ. ನಮ್ಮ ಹಾಸನದ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಇಲ್ಲಿ ಸೂರ್ಯನಿಗಿಂತ ಕಣದ ಮಾತೇ ಜಾಸ್ತಿ ನಡೆಯುತ್ತದೆ. ಭತ್ತ, ರಾಗಿ ಒಕ್ಕಣೆ ಮುಗಿದ ಮೇಲೆ ಕಣದ ಸುತ್ತ ಉದುರಿದ ಕಾಳು, ಹುಲ್ಲಿನ ಮೆದೆಯ ಬುಡದಲ್ಲಿ ಹುಳ. ಸಂಕ್ರಾಂತಿ ಆಸುಪಾಸಿನಲ್ಲಿ ಕೋಳಿಗಳು ತಿಂದು ತಿಂದು ಮೈ ತುಂಬಿಕೊಳ್ಳುತ್ತವೆ. ಆಮೇಲೆ ಮೊಟ್ಟೆ. ಒಂದು ಸರ್ತಿಗೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಮುಗಿಸಿದ ಹೇಂಟೆಗೆ ಇನ್ನು ಮೊಟ್ಟೆ ಬೇಡ, ಮರಿ ಬೇಕು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಕೋಳಿ ಅಂದರೆ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಪದಾರ್ಥ. ಈಗ ಹಿತ್ತಿಲಿಗೆ ಹೋಗಿ ಗೂಡಿನ ಬಾಗಿಲು ತೆಗೆದರೆ ಯಾವ ಹೇಂಟೆ ಇವತ್ತು ಯಾವ ಮೂಡಿನಲ್ಲಿದೆ ಅಂತ ದನಿಯಲ್ಲೇ ಗೊತ್ತಾಗುತ್ತದೆ. ಮೊಟ್ಟೆ ಇಟ್ಟ ಕೋಳಿ ಊರಿಗೇ ಸಾರುತ್ತದೆ. ಕಾವಿಗೆ ಬಂದ ಕೋಳಿ ಹಾಗಲ್ಲ. ಗಂಟಲಿನಲ್ಲೇ ಕ್ಲೊಕ್, ಕ್ಲೊಕ್ ಅಂತ ಒಂದೇ ಸಮ. ಹತ್ತಿರ ಹೋದರೆ ಮೈಯೆಲ್ಲ ಗರಿ ಕೆದರಿಕೊಂಡು ತನ್ನ ಗಾತ್ರದ ಎರಡರಷ್ಟಾಗುತ್ತದೆ. ಕೈ ಹಾಕಿದರೆ ಕುಕ್ಕುತ್ತದೆ, ಸುಮ್ನೆ ಹೆದರಿಸಲು ಅಲ್ಲ, ನಿಜಕ್ಕೂ. ಅದರ ಹೊಟ್ಟೆಯಡಿಗೆ ಬೆರಳು ತೂರಿಸಿದರೆ ಅಲ್ಲಿ ಗರಿಯೇ ಇರುವುದಿಲ್ಲ. ಗರಿ ಉದುರಿ ಬರೀ ಚರ್ಮ, ಸುಡುವಷ್ಟು ಬಿಸಿ. ಮೊಟ್ಟೆಗೂ ಮೈಗೂ ನಡುವೆ ಏನೂ ಅಡ್ಡ ಇರಬಾರದು ಅಂತ ದೇಹವೇ ಮಾಡಿಕೊಂಡ ಏರ್ಪಾಡು. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರುತ್ತದಂತೆ, ಅದು ಏರಿದರೆ ಮೊಟ್ಟೆ ಇಡುವುದು ನಿಲ್ಲುತ್ತದೆ. ಬಾಣಂತಿಗೆ ಎದೆಹಾಲು ಬರಿಸುವುದೂ ಇದೇ ಹಾರ್ಮೋನು.

ಇಲ್ಲಿಂದ ಲೆಕ್ಕಾಚಾರ ಶುರು. ಕಾವಿಗೆ ಕೂತ ಕೋಳಿ ಮೂರು ವಾರ ಮೊಟ್ಟೆ ಇಡುವುದಿಲ್ಲ. ಮರಿ ಮಾಡಿದ ಮೇಲೆ ಇನ್ನೂ ಎರಡು ತಿಂಗಳು ಮರಿ ಹಿಂದೆಯೇ ಓಡಾಟ. ಹೀಗೆ ಕೂತು ಎದ್ದು ಮಾಡಿದರೆ ನಾಟಿ ಕೋಳಿ ವರ್ಷಕ್ಕೆ ಇಡುವುದು ಐವತ್ತು ಅರವತ್ತು ಮೊಟ್ಟೆ. ಫಾರಂ ಕೋಳಿ 300 ದಾಟುತ್ತದೆ. ಅದು ಹೇಗೆ ಸಾಧ್ಯವಾಯಿತು ಅಂದರೆ, ಕಾವಿಗೆ ಕೂರುವ ಸ್ವಭಾವದ ಕೋಳಿಗಳನ್ನು ತಲೆಮಾರುಗಟ್ಟಲೆ ಬಿಡುತ್ತಾ, ಕೂರದೆ ಇರುವುದನ್ನೇ ಆರಿಸುತ್ತಾ ಬಂದರು. ಈಗ ಆ ಕೋಳಿಗೆ ತಾನು ಇಟ್ಟ ಮೊಟ್ಟೆಯ ಮೇಲೆ ಕೂರಬೇಕು ಅನ್ನುವುದೇ ಮರೆತುಹೋಗಿದೆ. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಿತ್ತಿಲಿಗೆಂದೇ ಗಿರಿರಾಜ ಕೋಳಿ ತಂದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ದೊಡ್ಡ ಸುದ್ದಿಯಾಗಿತ್ತಂತೆ. ನಾಟಿ ಕೋಳಿಯ ಬಣ್ಣ, ಎರಡರಷ್ಟು ತೂಕ, ಎರಡರಷ್ಟಕ್ಕಿಂತ ಜಾಸ್ತಿ ಮೊಟ್ಟೆ. ಆಮೇಲೆ ಸ್ವರ್ಣಧಾರ ಬಂತು. ಒಳ್ಳೆಯ ಕೋಳಿಗಳೇ, ಬೈಯುವುದಕ್ಕೆ ಏನೂ ಇಲ್ಲ. ಆದರೆ ಅವೂ ಕಾವಿಗೆ ಕೂರುವ ಜಾತಿಯಲ್ಲ. ಪ್ರತಿ ಸಲವೂ ಮರಿಯನ್ನು ದುಡ್ಡು ಕೊಟ್ಟು ತರಬೇಕು.

ನನ್ನ ಮಟ್ಟಿಗೆ ನಾಟಿ ಕೋಳಿ ಸಾಕುವುದು ಅಂದರೆ ಈ ಕಾವನ್ನೇ ಸಾಕುವುದು. ಮಾಂಸ, ಮೊಟ್ಟೆ, ರುಚಿ ಎಲ್ಲ ಆಮೇಲಿನದು. ಮಿಷನ್ ಇಲ್ಲದೆ, ಕರೆಂಟ್ ಇಲ್ಲದೆ, ಯಾರ ಹತ್ತಿರವೂ ಮರಿ ಕೇಳದೆ ಹಿತ್ತಿಲಲ್ಲಿ ಕೋಳಿ ಮುಂದುವರಿಯುವುದು ಆ ಒಂದು ಹಟದಿಂದ. ಫಾರಮ್ಮಿನವರಿಗೆ ನಷ್ಟದ ಬಾಬತ್ತು ಅನ್ನಿಸಿದ್ದು ನಮಗೆ ಬಂಡವಾಳ.

ಹಾಗಂತ ಕೂತವುಗಳನ್ನೆಲ್ಲ ಕೂರಲು ಬಿಡುವುದಕ್ಕೂ ಆಗುವುದಿಲ್ಲ. ಎಲ್ಲವೂ ಒಟ್ಟಿಗೆ ಕೂತರೆ ಮನೆಗೆ ಮೊಟ್ಟೆ ಎಲ್ಲಿಂದ? ಮೊದಲ ಸಲದ ಎಳೇ ಹೇಂಟೆ ಅರ್ಧಕ್ಕೇ ಎದ್ದು ಹೋಗುವ ಸಂಭವ ಜಾಸ್ತಿ. ಅಂಥವುಗಳ ಕಾವು ಬಿಡಿಸಬೇಕು. ಇದಕ್ಕೆ ಊರಲ್ಲಿ ಥರಾವರಿ ಉಪಾಯ. ತಣ್ಣೀರಿನ ಬಕೆಟ್ಟಿನಲ್ಲಿ ಅದ್ದುವವರಿದ್ದಾರೆ. ಮೂಗಿನ ತೂತಿಗೆ ಅದರದ್ದೇ ಗರಿ ಪೋಣಿಸಿ ಬಿಡುವವರೂ ಇದ್ದಾರೆ. ಆ ಗರಿ ತೆಗೆಯಲು ಕೋಳಿ ದಿನವಿಡೀ ತಲೆ ಕೊಡವುತ್ತಾ ಗೂಡಿನ ಕಡೆ ಹೋಗುವುದನ್ನೇ ಬಿಡುತ್ತದೆ. ಕೆಲಸ ಮಾಡುತ್ತದೆ, ನಿಜ. ನನಗೆ ನೋಡಲಾಗುವುದಿಲ್ಲ. ಜಾಲರಿಯ ತಳ ಇರುವ ಪಂಜರದಲ್ಲಿ, ಕೆಳಗಿನಿಂದ ಗಾಳಿ ಆಡುವ ಹಾಗೆ ಮೂರ್ನಾಲ್ಕು ದಿನ ಇಟ್ಟು, ನೀರು ಕಾಳು ಕೊಟ್ಟರೆ ಅಷ್ಟೇ ಕೆಲಸ ಆಗುತ್ತದೆ. ಹೊಟ್ಟೆ ತಣ್ಣಗಾದರೆ ಕಾವು ಇಳಿಯುತ್ತದೆ. "ಪಂಜರದಾಗೆ ಹಾಕಿ ಗಾಳಿ ಬಿಡ್ತಾಳಂತೆ, ಫ್ಯಾನೂ ಹಾಕು" ಅಂತ ಅತ್ತೆ ಮೊದಮೊದಲು ನಕ್ಕಿದ್ದರು. ಈಗ ಪಂಜರ ಎಲ್ಲಿಟ್ಟಿದ್ದೀಯಾ ಅಂತ ಅವರೇ ಕೇಳುತ್ತಾರೆ.

ಕೂರಿಸುವ ಹೇಂಟೆಯನ್ನು ಆರಿಸುವುದು ಮಾತ್ರ ಅತ್ತೆಯದೇ ಅಧಿಕಾರ. ಮೈ ಅಗಲ ಇರಬೇಕು, ಕಾಲಲ್ಲಿ ತುಳಿದು ಮೊಟ್ಟೆ ಒಡೆಯುವ ಅಭ್ಯಾಸ ಇರಬಾರದು, ಹಿಂದಿನ ಸಲ ಮರಿಗಳನ್ನು ಗಿಡುಗನಿಗೆ ಬಿಟ್ಟು ಓಡಿದ್ದಾಗಿರಬಾರದು. ಹಳೇ ಮಂಕರಿಗೆ ಮರಳು, ಅದರ ಮೇಲೆ ಭತ್ತದ ಹುಲ್ಲು, ಹೇನು ಹತ್ತದಿರಲಿ ಅಂತ ಒಂದಿಷ್ಟು ಲಕ್ಕಿ ಸೊಪ್ಪು. ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆ. ಮೊಟ್ಟೆಯ ಸಂಖ್ಯೆ ಬೆಸವೇ ಇರಬೇಕು: ಒಂಬತ್ತು, ಹನ್ನೊಂದು, ಹದಿಮೂರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಹೇಂಟೆಯನ್ನು ಸಂಜೆ ಕತ್ತಲಾದ ಮೇಲೇ ಕೂರಿಸಬೇಕು. ಇದಕ್ಕೆ ಮಾತ್ರ ಕಾರಣ ಇದೆ, ರಾತ್ರಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಹೊಸ ಜಾಗದಿಂದ ಎದ್ದು ಓಡುವುದಿಲ್ಲ. ಬೆಳಗ್ಗೆ ಹೊತ್ತಿಗೆ ಮೊಟ್ಟೆ ಬಿಸಿಯಾಗಿರುತ್ತವೆ, ಅದೂ ಒಗ್ಗಿಕೊಂಡಿರುತ್ತದೆ.

ಕೊನೆಗೆ ಮಂಕರಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ.

ಈ ಗುಡುಗಿನ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ಓಡಾಡಿದ್ದೇನೆ. ಯಾಕೆಂದರೆ ಅತ್ತೆ ಹೇಳುವುದು ಪೂರಾ ಸುಳ್ಳಲ್ಲ. ಚೈತ್ರ ವೈಶಾಖದಲ್ಲಿ ಮಳೆ ಅಂದರೆ ಗುಡುಗು ಸಿಡಿಲಿನ ಮಳೆಯೇ. ಆಗ ಕೂರಿಸಿದ ಮೊಟ್ಟೆಗಳು ನಿಜವಾಗಿಯೂ ಜಾಸ್ತಿ ಕೆಡುತ್ತವೆ. ಆದರೆ ಆ ಮೊಟ್ಟೆಗಳು ಕೂರಿಸುವ ಮೊದಲೇ ಕೆಟ್ಟಿರುತ್ತವೆ ಅನ್ನುವುದು ನನ್ನ ಲೆಕ್ಕ. ಹುಂಜ ಮೆಟ್ಟಿದ ಮೊಟ್ಟೆಯೊಳಗಿನ ಜೀವ ತಂಪಿನಲ್ಲಿದ್ದರೆ ಸುಮ್ಮನೆ ಮಲಗಿರುತ್ತದೆ. ಇಪ್ಪತ್ತು ಡಿಗ್ರಿ ದಾಟಿ ಸೆಕೆ ಏರಿದ ಹಾಗೆ ನಿಧಾನಕ್ಕೆ ಬೆಳೆಯಲು ಶುರು ಮಾಡುತ್ತದೆ. ಬೇಸಿಗೆಯ ಅಡುಗೆಮನೆಯಲ್ಲಿ, ಶೀಟಿನ ಮಾಡಿನ ಕೆಳಗೆ, ಹಗಲು ಬಿಸಿ ರಾತ್ರಿ ತಂಪು ಅಂತ ಹತ್ತು ಹದಿನೈದು ದಿನ ಕೂಡಿಟ್ಟರೆ, ಅದು ಅರ್ಧ ಬೆಳೆದು, ನಿಂತು, ಮತ್ತೆ ಬೆಳೆದು, ಸತ್ತೇ ಹೋಗುತ್ತದೆ. ಆಮೇಲೆ ಕೂರಿಸಿದಾಗ ಒಂದು ದಿನ ಗುಡುಗುತ್ತದೆ. ತಪ್ಪು ಗುಡುಗಿನ ತಲೆಗೆ. ಹಾಗಾಗಿ ಈಗ ವಾರದೊಳಗಿನ ಮೊಟ್ಟೆಯನ್ನಷ್ಟೇ ಇಡುತ್ತೇವೆ. ಮಡಕೆಯಲ್ಲಿ ಮರಳು ಹಾಕಿ, ಹೊರಗಿನಿಂದ ಮಡಕೆಗೆ ನೀರು ಚಿಮುಕಿಸಿ, ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ ಇಟ್ಟರೆ ಫ್ರಿಜ್ಜು ಬೇಡ. ಮೊಳೆಯನ್ನೂ ಇದ್ದಿಲನ್ನೂ ತೆಗೆದಿಲ್ಲ. ಅದರಿಂದ ಕೋಳಿಗೆ ತೊಂದರೆಯಿಲ್ಲ, ಮನೆಯಲ್ಲಿ ಶಾಂತಿ.

ವಾರ ಕಳೆದ ಮೇಲೆ ರಾತ್ರಿ ಮೊಟ್ಟೆ ನೋಡುವುದು ನಮ್ಮ ಮನೆ ಮಕ್ಕಳಿಗೆ ಹಬ್ಬ. ಮೊಬೈಲ್ ಟಾರ್ಚಿಗೆ ರಟ್ಟಿನ ತೂತು ಅಡ್ಡ ಇಟ್ಟು ಅದರ ಮೇಲೆ ಮೊಟ್ಟೆ. ಜೀವ ಕಟ್ಟಿದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಸುತ್ತ ಜೇಡರ ಬಲೆಯ ಹಾಗೆ ಕೆಂಪು ನರ. ನಿಧಾನವಾಗಿ ನೋಡುತ್ತಿದ್ದರೆ ಚುಕ್ಕೆ ಅಲುಗುತ್ತದೆ. ಇಲ್ಲದಿದ್ದರೆ ಬರೀ ಹಳದಿ ಬೆಳಕು. ಅಂಥವನ್ನು ತೆಗೆದುಬಿಡಬೇಕು, ಇಲ್ಲವಾದರೆ ಬಿಸಿಗೆ ಕೊಳೆತು, ಒಡೆದು, ಉಳಿದವನ್ನೂ ಕೆಡಿಸುತ್ತವೆ. ಕೊಳೆತ ಮೊಟ್ಟೆ ಒಂದು ಒಡೆದರೆ ಆ ವಾಸನೆ ಮೂಲೆ ಬಿಟ್ಟು ಹೋಗಲು ವಾರ ಬೇಕು, ಇಷ್ಟೇ ಹೇಳುತ್ತೇನೆ.

ಆ ಇಪ್ಪತ್ತೊಂದು ದಿನ ಹೇಂಟೆಯ ತಪಸ್ಸು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ತಪಸ್ಸಿಗಿಂತ ಕೆಲಸದಂತೆ ಕಾಣುತ್ತದೆ. ಅದು ಸುಮ್ಮನೆ ಕೂತಿರುವುದಿಲ್ಲ. ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ಅಂಚಿನದ್ದನ್ನು ನಡುವಿಗೆ, ನಡುವಿನದ್ದನ್ನು ಅಂಚಿಗೆ. ದಿನಕ್ಕೊಮ್ಮೆ ಎದ್ದು ಓಡಿ ಬರುತ್ತದೆ. ಕಾಳು, ನೀರು, ಬೂದಿಗುಂಡಿಯಲ್ಲಿ ಒಂದು ಹೊರಳಾಟ, ಅದುಮಿಟ್ಟುಕೊಂಡಿದ್ದ ಒಂದು ದೊಡ್ಡ ಹಿಕ್ಕೆ. ಎಲ್ಲ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ವಾಪಸ್. ಬೇರೆ ಕೋಳಿಗಳು ಅಡ್ಡ ಬಂದರೆ ಮುಲಾಜಿಲ್ಲದೆ ಕುಕ್ಕಿ ದಾರಿ ಬಿಡಿಸಿಕೊಳ್ಳುತ್ತದೆ. ಸೆಕೆ ವಿಪರೀತ ಇದ್ದ ದಿನ ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿರುತ್ತದೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಲ್ಲೇ ಬಿಸಿ ಹೊರಗೆ ಹೋಗಬೇಕು. ಅಂಥ ದಿನ ಮಂಕರಿಯ ಪಕ್ಕಕ್ಕೇ ನೀರಿನ ಬಟ್ಟಲು ಇಡುತ್ತೇವೆ.

ಈ ಮಧ್ಯೆಯೇ ಯುಗಾದಿ ಬರುತ್ತದೆ, ಮರುದಿನ ಹೊಸತೊಡಕು. ಹಾಸನ, ಮಂಡ್ಯ, ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇವು ಬೆಲ್ಲ, ಹೋಳಿಗೆ ತಿಂದ ಮರುದಿನ ಮಾಂಸದಡುಗೆ ಆಗಲೇಬೇಕು. ನಾಟಿ ಹುಂಜದ ಬೆಲೆ ಆ ವಾರ ಕೇಳಬೇಡಿ. ಬೆಂಗಳೂರಿನಲ್ಲಿರುವ ನೆಂಟರೆಲ್ಲ ಆಗ ಊರಿನ ಮೇಲೆ ಪ್ರೀತಿ ಬಂದು ಫೋನು ಮಾಡುತ್ತಾರೆ. ಹಿತ್ತಿಲಲ್ಲಿ ಕೋಳಿ ಸಾಕುವವರಿಗೆ ಇದು ಆದಾಯದ ಕಾಲ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಾಲ್ಕು ಹೇಂಟೆಗೆ ಐದು ಹುಂಜ ಇದ್ದರೆ ದಿನಾ ರಕ್ತ ಬರುವಂತೆ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿ ಕಿತ್ತುಹೋಗುತ್ತದೆ. ಹೆಚ್ಚಿನ ಹುಂಜಗಳು ಹೋಗಲೇಬೇಕು, ಹೊಸತೊಡಕಿಗೆ ಹೋಗುತ್ತವೆ. ನಾವೂ ತಿನ್ನುತ್ತೇವೆ. ವರ್ಷ ತುಂಬಿದ ಹುಂಜದ ಮಾಂಸ ಬೇಯಲು ಹೊತ್ತು ಬೇಕು, ಆದರೆ ಆ ಸಾರಿನ ಮುಂದೆ, ಬಿಸಿ ಮುದ್ದೆಯ ಜೊತೆಗೆ, ಬೇರೆ ಯಾವ ಕೋಳಿಯೂ ನಿಲ್ಲುವುದಿಲ್ಲ. ಕೋಳಿಗೆ ಹೆಸರಿಟ್ಟು ಮುದ್ದು ಮಾಡುವವರು ಇದನ್ನು ಓದಿ ಬೇಜಾರಾಗಬಹುದು. ನಮ್ಮ ಮನೆಯಲ್ಲಿ ಹುಂಜಗಳಿಗೆ ಹೆಸರಿಡುವುದಿಲ್ಲ, ಅದೇ ಕಾರಣಕ್ಕೆ.

ಆದರೆ ಕಾವಿಗೆ ಕೂತದ್ದನ್ನೂ ಮರಿಯಿರುವ ಕೋಳಿಯನ್ನೂ ಮುಟ್ಟುವ ಹಾಗಿಲ್ಲ. ಒಂದು ಸಲ ದೂರದ ನೆಂಟರೊಬ್ಬರು ಮೂಲೆಯ ಮಂಕರಿ ನೋಡಿ, ಕೊಬ್ಬಿದ ಹೇಂಟೆ, ಇದನ್ನೇ ಕೊಡಿ ಅಂದರು. "ಅದು ಕೂತೈತೆ ಕಣಪ್ಪ. ಕೂತಿರೋದನ್ನ ಎಬ್ಬಿಸಿ ತಿಂದ್ರೆ ಜೀರ್ಣ ಆಗಾಕಿಲ್ಲ" ಅಂತ ಅತ್ತೆ ಅಷ್ಟಕ್ಕೇ ಮಾತು ಮುಗಿಸಿದರು.

ಮರಿ ಹೊರಬರುವ ಹಿಂದಿನ ದಿನವೇ ಮೊಟ್ಟೆಯೊಳಗಿನಿಂದ ಚಿಂವ್ ಚಿಂವ್ ಕೇಳುತ್ತದೆ. ಹೇಂಟೆ ಅದಕ್ಕೆ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ಆಗಿನ್ನೂ ಚಿಪ್ಪು ಬಿರುಕೂ ಬಿಟ್ಟಿರುವುದಿಲ್ಲ. ಮಕ್ಕಳಿಗೆ ಆಗ ಚಿಪ್ಪು ಬಿಡಿಸಿ ಸಹಾಯ ಮಾಡುವ ಆಸೆ. ಬೇಡ. ಒಳಗಿನ ಹಳದಿ ಭಂಡಾರ ಪೂರ್ತಿ ಹೊಟ್ಟೆಯೊಳಗೆ ಎಳೆದುಕೊಂಡ ಮೇಲೇ ಮರಿ ಹೊರಗೆ ಬರುವುದು. ಅದೇ ಅದಕ್ಕೆ ಮೊದಲ ಎರಡು ದಿನದ ಬುತ್ತಿ. ಮೊದಲು ಒಡೆದು ಬಂದ ಮರಿ ಕೊನೆಯದು ಬರುವ ತನಕ ತಿನ್ನದೆ ಕಾಯಲು ಆಗುವುದೂ ಆ ಬುತ್ತಿಯಿಂದಲೇ. ಆಮೇಲೆ ನುಚ್ಚು, ನೀರು, ಮತ್ತು ಗೆದ್ದಲು. ಗೆದ್ದಲಿಗೆ ನಮ್ಮ ಕಡೆ ಸುಲಭದ ದಾರಿ ಇದೆ. ಒಡಕು ಮಡಕೆಯಲ್ಲಿ ಒಣ ಸಗಣಿ, ಹರಕು ಗೋಣಿ, ಹುಲ್ಲು ತುಂಬಿ, ಸ್ವಲ್ಪ ನೀರು ಚಿಮುಕಿಸಿ, ತೋಟದಲ್ಲಿ ಗೆದ್ದಲು ಇರುವ ಕಡೆ ಕವುಚಿ ಹಾಕಬೇಕು. ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಸಾಕು. ತಾಯಿ ಮೊದಲು ಒಂದನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ ತೋರಿಸುತ್ತದೆ. ಮರುಕ್ಷಣ ಎಲ್ಲವೂ ಮುಗಿಬೀಳುತ್ತವೆ.

ಆ ಪುಟ್ಟ ಹಿಂಡನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಕಾಗೆ, ಗಿಡುಗ, ಮುಂಗುಸಿ, ಕೇರೆಹಾವು, ರಾತ್ರಿ ಕಾಡುಬೆಕ್ಕು. ಹೇಂಟೆಗೆ ಎರಡು ಬೇರೆ ಬೇರೆ ಎಚ್ಚರಿಕೆ ಇದೆ. ಮೇಲಿನಿಂದ ಗಿಡುಗ ಬಂದರೆ ಸಣ್ಣಗೆ, ಉದ್ದಕ್ಕೆ ಒಂದು ಕೂಗು. ಮರಿಗಳು ಇದ್ದಲ್ಲೇ ಮಾಯ, ಕೆಸುವಿನ ಎಲೆಯಡಿ, ಸೌದೆ ಸಂದಿ. ನೆಲದ ಮೇಲೆ ಹಾವೋ ಮುಂಗುಸಿಯೋ ಬಂದರೆ ಬಿಟ್ಟು ಬಿಟ್ಟು ಜೋರು ಗಲಾಟೆ, ಹುಂಜವೂ ಸೇರಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಕೂತೇ ನಾನು ಮೇಲೆ ನೋಡಬೇಕೋ ಕೆಳಗೆ ನೋಡಬೇಕೋ ಅಂತ ತಿಳಿದುಕೊಂಡು ಹೊರಗೆ ಓಡುತ್ತೇನೆ. ಹಿತ್ತಿಲಿನ ಹಲಸಿನ ಮರದಲ್ಲಿ ಕಾಜಾಣ ಗೂಡು ಕಟ್ಟಿದ ವರ್ಷ ನಮಗೆ ಅರ್ಧ ಕಾವಲು ಕಡಿಮೆ. ಇಷ್ಟೇ ಇಷ್ಟು ಗಾತ್ರದ ಹಕ್ಕಿ ಗಿಡುಗನ ಬೆನ್ನಿಗೇ ಕುಕ್ಕಿ ಊರಾಚೆ ಅಟ್ಟಿ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಕಣ್ಣಿಗೆ ಕಾಣುವುದಿಲ್ಲ. ಕೊಕ್ಕರೆ ರೋಗ, ರಾಣಿಖೇತ್ ಅಂತಲೂ ಹೇಳುತ್ತಾರೆ. ರಾಣಿಖೇತ್ ಅನ್ನುವುದು ಉತ್ತರಾಖಂಡದ ಕುಮಾಯೂನ್ ಬೆಟ್ಟದ ಒಂದು ಊರು, ಅದರ ಹೆಸರು 1920ರ ದಶಕದಲ್ಲಿ ರೋಗಕ್ಕೆ ಅಂಟಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಹಸಿರು ಬಿಳಿ ಹಿಕ್ಕೆ, ಜೋಲುವ ರೆಕ್ಕೆ, ತಿರುಚಿದ ಕತ್ತು. ಬಂತೆಂದರೆ ಒಂದು ಬೀದಿಯ ಕೋಳಿಯೆಲ್ಲ ಒಂದೇ ವಾರದಲ್ಲಿ ಖಾಲಿ. ಔಷಧಿ ಇಲ್ಲ, ಲಸಿಕೆ ಮಾತ್ರ. ಮರಿಗೆ ವಾರ ತುಂಬುವ ಹೊತ್ತಿಗೆ ಲಸೋಟ, ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ತಿಂಗಳಿಗೆ ಆರ್ ಟು ಬಿ ಸೂಜಿ. ತೊಡಕು ಇರುವುದು ಬೇರೆ ಕಡೆ. ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗಾಗುವಷ್ಟರದ್ದು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯ ತನಕ ಐಸಿನಲ್ಲಿರಬೇಕು. ಹತ್ತು ಮರಿ ಇರುವವರು ಒಬ್ಬರೇ ತಂದರೆ ಉಳಿದದ್ದು ಚರಂಡಿಗೆ. ಹಾಗಾಗಿ ನಮ್ಮ ಬೀದಿಯಲ್ಲಿ ಎಲ್ಲ ಮನೆಯವರೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕಾವಿಗೆ ಕೂರಿಸುವ ಪದ್ಧತಿ ಮಾಡಿಕೊಂಡಿದ್ದೇವೆ. ಮರಿಗಳ ವಯಸ್ಸು ಒಂದೇ ಆಗುತ್ತದೆ. ಥರ್ಮಾಸಿನಲ್ಲಿ ಐಸು, ಬುಟ್ಟಿಗಳಲ್ಲಿ ಮರಿ, ಒಬ್ಬರು ಹಿಡಿಯುವುದು ಒಬ್ಬರು ಹನಿ ಹಾಕುವುದು. ಮದುವೆ ಮನೆಯ ಸುದ್ದಿಯೆಲ್ಲ ಅಲ್ಲೇ ವಿನಿಮಯ. 2025ರ ಬೇಸಿಗೆಯ ಶುರುವಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಹಕ್ಕಿಜ್ವರ ಬಂದಾಗ ಮಾತ್ರ ಯಾರೂ ಯಾರ ಹಿತ್ತಿಲಿಗೂ ಕಾಲಿಡಲಿಲ್ಲ. ಸಂತೆಯಿಂದ ಕೋಳಿ ತರುವುದೂ ನಿಂತಿತ್ತು. ಆಗ ಯಾರ ಮನೆಯಲ್ಲಿ ಕಾವಿಗೆ ಕೂರುವ ಹೇಂಟೆ ಇತ್ತೋ ಅವರ ಮನೆಯಲ್ಲಷ್ಟೇ ಹೊಸ ಮರಿ.

ನಮ್ಮೂರಿನ ಮೇಲಿನ ಕಾಡಿನಲ್ಲಿ ಬೂದು ಬಣ್ಣದ ಕಾಡುಕೋಳಿ ಇದೆ. ಈ ದಿನಗಳಲ್ಲಿ ಬೆಳಗ್ಗೆ ಅದರ ಕೂಗು ಕೇಳುತ್ತದೆ, ಮನೆಯ ಹುಂಜದ ಕೂಗನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ. ನಮ್ಮ ಹುಂಜ ಬೇಲಿ ಮೇಲೆ ಹತ್ತಿ ಅದಕ್ಕೆ ಉತ್ತರ ಕೊಡುತ್ತದೆ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಅಂತ ಎಲ್ಲರೂ ಹೇಳುವುದು ಸರಿಯೇ. ಆದರೆ ಲೋಕದ ತುಂಬ ಕೋಟಿಗಟ್ಟಲೆ ಕೋಳಿಗಳಿಗೆ ಇರುವ ಹಳದಿ ಕಾಲು, ಹಳದಿ ಚರ್ಮ ಅಲ್ಲಿಂದ ಬಂದದ್ದಲ್ಲ. ಅದರ ಜೀನು ಈ ಬೂದು ಕಾಡುಕೋಳಿಯದ್ದು ಅಂತ 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಜೊತೆಗಾರರು ತೋರಿಸಿದರು. ಈ ಹಕ್ಕಿ ಇರುವುದು ಭಾರತದಲ್ಲಿ ಮಾತ್ರ, ಅದೂ ಹೆಚ್ಚಾಗಿ ದಕ್ಷಿಣದ ಕಾಡುಗಳಲ್ಲಿ. ಅಂದರೆ ಯಾವುದೋ ಕಾಲದಲ್ಲಿ, ಯಾವುದೋ ಕಾಡಂಚಿನ ಹಿತ್ತಿಲಿಗೆ ಇಂಥದ್ದೊಂದು ಹುಂಜ ಇಳಿದು ಬಂದಿರಬೇಕು. ಆ ಮೊಟ್ಟೆಯ ಮೇಲೆ ಯಾವುದೋ ಹೇಂಟೆ ಕೂತಿರಬೇಕು, ಅಲ್ವಾ? ಇದನ್ನು ಅತ್ತೆಗೆ ಹೇಳಿದೆ. "ಅದಕ್ಕೇನ್ ಫಾರಿನ್ನಿಗ್ ಹೋಗ್ಬೇಕಿತ್ತಾ, ಬೇಲಿ ತಾವ ನಿಂತು ನೋಡಿದ್ರೆ ಆಗ್ತಿತ್ತಲ್ಲ" ಅಂದರು.

ಮರಿಗಳಿಗೆ ಎರಡು ತಿಂಗಳಾಗುವಾಗ ಹೇಂಟೆಯ ಬುದ್ಧಿ ಒಂದೇ ದಿನದಲ್ಲಿ ಬದಲಾಗುತ್ತದೆ. ನಿನ್ನೆ ತನಕ ಗಿಡುಗನ ಎದುರು ನಿಂತ ತಾಯಿಯೇ ಇವತ್ತು ಹತ್ತಿರ ಬಂದ ಮರಿಗೆ ತಲೆಯ ಮೇಲೆ ಕುಕ್ಕುತ್ತದೆ. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ, ಅಳುತ್ತವೆ. ಹೇಂಟೆ ಹುಂಜದ ಹಿಂದೆ ಹೋಗಿ, ತಲೆಯ ಜುಟ್ಟು ಕೆಂಪಾಗಿ, ಮತ್ತೆ ಮೊಟ್ಟೆ ಇಡಲು ಮೂಲೆ ಹುಡುಕುತ್ತದೆ. ಅಷ್ಟರಲ್ಲಿ ಮುಂಗಾರು ಹಿಡಿದಿರುತ್ತದೆ.

ಪಕ್ಕದ ಮನೆಯ ಅಕ್ಕ ಗಿರಿರಾಜ ಸಾಕುತ್ತಾರೆ. ಹೋದ ವರ್ಷ ನಮ್ಮ ಮೊಟ್ಟೆಯ ಲೆಕ್ಕ ಕೇಳಿ ಪಾಪ ಅಂದಿದ್ದರು. ಈ ಸಲ ಶಿವರಾತ್ರಿ ಕಳೆದ ಮೇಲೆ ಸೆರಗಿನಲ್ಲಿ ಹನ್ನೊಂದು ಮೊಟ್ಟೆ ಕಟ್ಟಿಕೊಂಡು ಬಂದರು. ನಮ್ಮ ಕರಿ ಹೇಂಟೆ ಕೂತಿದೆ ಅಂತ ಅವರಿಗೆ ಯಾರೋ ಹೇಳಿದ್ದಾರೆ. ಹಲವು ತಳಿ ಬೆರೆತ ಕೋಳಿ, ಮರಿಗಳು ತಾಯಿಯಂತೆಯೇ ಬರುತ್ತವೆ ಅಂತ ಹೇಳಲಾಗದು ಅಂತ ನಾನು ಎಂದೆ. ಅಕ್ಕ ಕೇಳಲಿಲ್ಲ.

"ಮರಿ ಅರ್ಧ ನಿಮಗೆ, ಅರ್ಧ ನಮಗೆ ಕಣತ್ತೆ" ಅಂದರು.

"ಆಯ್ತು ಕಣವ್ವ. ಪಾಲು ಮಾಡೋದು ಒಡೆದ ದಿನ ಅಲ್ಲ, ಗಿಡುಗ ತಿಂದು ಉಳಿದ ಮೇಲೆ."

"ಅಲ್ಲೀಗಂಟ ಕಾಳು ಯಾರ್ದು?"

"ಮೊಟ್ಟೆ ಯಾರ್ದೋ ಅವ್ರ್ದೇ" ಅಂದ ಅತ್ತೆ, ಮೊಟ್ಟೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಎರಡನ್ನು ಅಕ್ಕನ ಸೆರಗಿಗೇ ವಾಪಸ್ ಹಾಕಿದರು.